ಬೀದಿ ದೀಪಕ್ಕೂ ಬೇಕೊಂದು ಕಣ್ಣು

"ಬೀದಿ ದೀಪದ ಕೆಳಗೆ ಓದಿ ದೊಡ್ಡ ಮನುಷ್ಯರಾದರು" ಎಂಬ ಮಾತನ್ನು ಕೇಳದೆ ಬೆಳೆದ ಕನ್ನಡಿಗರು ಯಾರಿದ್ದಾರೆ? ಸರ್ ಎಂ. ವಿಶ್ವೇಶ್ವರಯ್ಯನವರಿಂದ ಹಿಡಿದು ನಮ್ಮೂರಿನ ಹೈಸ್ಕೂಲು ಹೆಡ್‌ಮಾಸ್ಟರರ ತನಕ ಎಲ್ಲರ ಬಗ್ಗೆಯೂ ಈ ಕಥೆ ಹೇಳುತ್ತಾರೆ. ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದನ್ನೇ ಹೇಳಿ ನೋಡಿ, "ಯಾಕಪ್ಪ, ಅವರ ಮನೆಯಲ್ಲಿ ಲೈಟ್ ಇರಲಿಲ್ವಾ?" ಎಂದು ಕೇಳುತ್ತಾರೆ. ದುಬೈ, ಅಬುಧಾಬಿಯಲ್ಲಿ ಹುಟ್ಟಿದ ಮಗುವಿಗೆ ಬೀದಿ ದೀಪ ಅಂದರೆ ಗಾಳಿಯ ಹಾಗೆ. ಅದು ಇದ್ದೇ ಇರುತ್ತದೆ, ಅದರ ಬಗ್ಗೆ ಯೋಚಿಸುವುದೇನಿದೆ?

ವೈದ್ಯನಾದ ನನಗೂ ಯೋಚಿಸುವ ಅಗತ್ಯವಿರಲಿಲ್ಲ. ಆದರೆ ಬೆಳಕು ಎಷ್ಟು ಬೇಕು ಎಂಬ ಪ್ರಶ್ನೆಗೆ ಉತ್ತರ ಎಂಜಿನಿಯರರ ಮೀಟರಿನಲ್ಲಿ ಅರ್ಧ ಮಾತ್ರ ಇದೆ, ಉಳಿದರ್ಧ ನಮ್ಮ ಕಣ್ಣಿನಲ್ಲಿದೆ. ಈ ಬಾರಿಯ ಸಂಚಿಕೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬಿಟ್ಟು ಬೇರೇನಾದರೂ ಬರೆಯಿರಿ ಡಾಕ್ಟ್ರೇ ಎಂದು ಸಂಪಾದಕರು ಬೇರೆ ಹೇಳಿದ್ದಾರೆ!

ನಮಗೂ ಬೀದಿ ದೀಪಕ್ಕೂ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದದ್ದು ಕೋಲಾರದ ಚಿನ್ನದ ಗಣಿಗಳಿಗಾಗಿ. ಅದೇ ವಿದ್ಯುತ್ತು 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ಬಂತು, 1908ರಲ್ಲಿ ಮೈಸೂರಿಗೆ ಹೋಯಿತು. ಏಷ್ಯಾಕ್ಕೇ ಮೊದಲು ಎಂದು ನಾವು ವೇದಿಕೆಯ ಮೇಲೆ ಹೇಳಿಕೊಳ್ಳುವುದುಂಟು. ಶಾಂಘೈಯಲ್ಲಿ 1882ರಲ್ಲೇ ಬೀದಿಯಲ್ಲಿ ವಿದ್ಯುತ್ ದೀಪ ಉರಿದಿತ್ತು ಎಂಬುದು ಚರಿತ್ರೆ. ಆದರೂ ಹೆಮ್ಮೆ ಪಡಲು ನಮ್ಮ ಪಾಲಿಗೆ ಬೇಕಾದಷ್ಟಿದೆ. ದುಬೈಯಲ್ಲಿ ವಿದ್ಯುತ್ ಕಂಪೆನಿ ಶುರುವಾದದ್ದು 1959ರಲ್ಲಿ. ಅಂದರೆ ಬೆಂಗಳೂರಿನ ಬೀದಿ ಬೆಳಗಿ ಅರ್ಧ ಶತಮಾನ ಕಳೆದ ಮೇಲೆ. ಈಗ ಎರಡೂ ಊರಿನ ರಾತ್ರಿಯನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಯಾರಿಗೂ ನಂಬಿಕೆ ಬರುವುದಿಲ್ಲ.

ವಿದ್ಯುತ್ತಿಗೂ ಮೊದಲಿನ ಕಾಲದ ಒಂದು ಸಂಗತಿ ನನಗೆ ಬಹಳ ಇಷ್ಟ. ಯುರೋಪು, ಅಮೆರಿಕದ ಎಷ್ಟೋ ಪಟ್ಟಣಗಳಲ್ಲಿ ಬೆಳದಿಂಗಳ ರಾತ್ರಿ ಬೀದಿಯ ದೀಪ ಹಚ್ಚುತ್ತಿರಲಿಲ್ಲ. ಚಂದ್ರ ಇದ್ದಾನಲ್ಲ, ಎಣ್ಣೆ ಯಾಕೆ ಸುಡಬೇಕು? ಏಣಿ ಹೆಗಲಿಗಿಟ್ಟುಕೊಂಡು ಹೋಗುವ ದೀಪ ಹಚ್ಚುವವನಿಗೆ ಪಂಚಾಂಗ ತಿಳಿದಿದ್ದರೆ ಸಾಕಿತ್ತು. ಇಂದು ನಾವು 'ಸ್ಮಾರ್ಟ್ ಲೈಟಿಂಗ್' ಎಂದು ದೊಡ್ಡ ಹೆಸರಿಟ್ಟು ಕರೆಯುವುದೂ ಇದನ್ನೇ. ಬೇಕಾದಾಗ ಬೇಕಾದಷ್ಟು ಬೆಳಕು, ಬೇಡವಾದಾಗ ಕಡಿಮೆ. ನಡುವೆ ನೂರು ವರ್ಷ ವಿದ್ಯುತ್ ಅಗ್ಗವಾಗಿದ್ದರಿಂದ ಮರೆತಿದ್ದೆವು, ಅಷ್ಟೆ.

ಹಲವು ವರ್ಷಗಳ ಹಿಂದೆ ಕುಂದಾಪುರದಿಂದ ಅಪ್ಪಯ್ಯ ಬಂದಿದ್ದರು. ಒಂದು ಕಣ್ಣಿನ ಪೊರೆ ತೆಗೆಸಿಯಾಗಿತ್ತು, ಇನ್ನೊಂದು ಬಾಕಿ ಇತ್ತು. ಅಬುಧಾಬಿಯಲ್ಲಿ ನೆಂಟರ ಮನೆ ಊಟ ಮುಗಿಸಿ ದುಬೈಗೆ ಹೊರಡುವಾಗ ಮಧ್ಯರಾತ್ರಿ ದಾಟಿತ್ತು. ಸ್ವಲ್ಪ ದೂರ ಬಂದ ಮೇಲೆ ಅವರು ಹಣೆಗೆ ಕೈ ಅಡ್ಡ ಹಿಡಿದು ಕೇಳಿದರು: "ಇಷ್ಟು ದೀಪ ಯಾರಿಗೆ ಮಾಣಿ? ರಸ್ತೆ ಮೇಲೆ ಯಾರೂ ಇಲ್ಲ ಅಲ್ದಾ?" "ಇಲ್ಲಿ ಕರೆಂಟಿಗೆ ಬರ ಇಲ್ಲ ಅಪ್ಪಯ್ಯ" ಅಂದೆ. "ಬರ ಇಲ್ಲ ಸರಿ, ಕಣ್ಣಿಗೆ ಕುಕ್ಕುತ್ತಲ್ಲ" ಅಂದರು. ಕರೆಂಟು, ಕಣ್ಣು ಎರಡನ್ನೂ ಅವರು ಒಟ್ಟಿಗೆ ಸೇರಿಸಿದ್ದರು. ನಾವು ಸಾಮಾನ್ಯವಾಗಿ ಸೇರಿಸುವುದಿಲ್ಲ.

ಕಣ್ಣಿನ ವಿಷಯ ಸ್ವಲ್ಪ ಹೇಳುತ್ತೇನೆ. ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಹುಣ್ಣಿಮೆಯ ಬೆಳಕು ಒಂದು ಲಕ್ಸ್‌ನ ಕಾಲು ಭಾಗದಷ್ಟೂ ಬರುವುದು ಕಷ್ಟ. ಇವೆರಡರಲ್ಲೂ ನಮ್ಮ ಕಣ್ಣು ದಾರಿ ಕಾಣುತ್ತದೆ. ಮನೆ ಬೀದಿಯ ದೀಪ ಕೊಡುವುದು ಹೆಚ್ಚು ಕಡಿಮೆ ಐದರಿಂದ ಹತ್ತು ಲಕ್ಸ್. ಇಷ್ಟು ದೊಡ್ಡ ಅಂತರವನ್ನು ಕಣ್ಣು ನಿಭಾಯಿಸುವುದು ಹೇಗೆಂದರೆ, ಬೆಳಕು ಎರಡು ಪಟ್ಟಾದರೆ ಅದಕ್ಕೆ ಎರಡು ಪಟ್ಟು ಎಂದು ಅನ್ನಿಸುವುದೇ ಇಲ್ಲ, ತುಸು ಹೆಚ್ಚಿತು ಎನ್ನಿಸುತ್ತದೆ. ಅರ್ಧವಾದರೂ ಅಷ್ಟೆ. ಊರಿನಲ್ಲಿ ಸಂಜೆ ಹೊತ್ತು ಲೋ ವೋಲ್ಟೇಜ್ ಆಗುವುದನ್ನು ನೆನಪಿಸಿಕೊಳ್ಳಿ. ಬಲ್ಬು ನಿಧಾನವಾಗಿ ಮಂಕಾದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಕ್ಕನೆ ಪೂರ್ತಿ ಬಂದಾಗ ಮಾತ್ರ "ಓಹ್, ಇಷ್ಟು ಹೊತ್ತು ಡಿಮ್ ಇತ್ತಲ್ಲ" ಎಂದು ತಿಳಿಯುತ್ತಿತ್ತು. ಎಲ್‌ಇಡಿ ದೀಪವನ್ನು ಅರ್ಧಕ್ಕೆ ತಗ್ಗಿಸಿದರೆ ವಿದ್ಯುತ್ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ, ಕಣ್ಣಿಗೆ ಮಾತ್ರ ಅರ್ಧ ನಷ್ಟವಾಗುವುದಿಲ್ಲ. ಇಡೀ ಉಳಿತಾಯದ ಗುಟ್ಟು ಇಲ್ಲಿದೆ.

ಆದರೆ ಒಂದು ಷರತ್ತು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸಮಯ ಕೇಳುತ್ತದೆ. ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯೇ ಬೇಕು. ಸಿನೆಮಾ ಟಾಕೀಸಿಗೆ ತಡವಾಗಿ ಹೋಗಿ ಯಾರದೋ ಮಡಿಲಲ್ಲಿ ಕೂತವರಿಗೆ ಇದು ಗೊತ್ತು! ಆದ್ದರಿಂದ ಒಂದು ಕಂಬ ಬಿಟ್ಟು ಒಂದು ಕಂಬ ಆರಿಸುವ ನಮ್ಮ ಹಳೆಯ ಮುನಿಸಿಪಾಲಿಟಿ ಉಪಾಯ ಅತ್ಯಂತ ಕೆಟ್ಟದ್ದು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ಕಡಿತ ಮಾಡಿದಾಗ ಪಶ್ಚಿಮದ ದೇಶಗಳಲ್ಲೂ ಅನೇಕ ಕಡೆ ಹೀಗೆ ದೀಪ ಆರಿಸಿದ್ದರು. ಬೆಳಕಿನ ಕೆಳಗಿನಿಂದ ಕತ್ತಲಿನ ಹೊಂಡಕ್ಕೆ, ಮತ್ತೆ ಬೆಳಕಿಗೆ, ಹೀಗೆ ಹೋಗುವ ಚಾಲಕನಿಗೆ ಹೊಂಡದಲ್ಲಿ ನಿಂತ ಮನುಷ್ಯ ಕಾಣುವುದಿಲ್ಲ. ಎಲ್ಲ ದೀಪಗಳನ್ನೂ ಸಮನಾಗಿ ಅರ್ಧಕ್ಕೆ ತಗ್ಗಿಸಿದರೆ ಅಷ್ಟೇ ವಿದ್ಯುತ್ ಉಳಿಯುತ್ತದೆ, ರಸ್ತೆಯೂ ಸಮನಾಗಿ ಕಾಣುತ್ತದೆ. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವುದು ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಮೂರನೇ ಒಂದು ಪಾಲು ಮಾತ್ರ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ. ಹಾಗಾದರೆ ವಯಸ್ಸಾದವರಿಗೆ ಹೆಚ್ಚು ದೀಪ ಬೇಡವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆಳಕು ಬೇಕು. ಆದರೆ ಪೊರೆ ಬರುತ್ತಿರುವ ಕಣ್ಣಿನೊಳಗೆ ನೇರ ಬೆಳಕು ಬಿದ್ದರೆ ಅದು ಮಂಜಿನಂತೆ ಚದುರುತ್ತದೆ. ಅಪ್ಪಯ್ಯ ಕೈ ಅಡ್ಡ ಹಿಡಿದದ್ದು ಅದಕ್ಕೇ. ರಸ್ತೆಯ ಮೇಲೆ ಬೀಳಬೇಕಾದ ಬೆಳಕು ಕಣ್ಣಿಗೆ ಬಿದ್ದರೆ ದುಡ್ಡೂ ದಂಡ, ದೃಷ್ಟಿಯೂ ದಂಡ.

ಮೊದಲಿನ ಕಿತ್ತಳೆ ಬಣ್ಣದ ಸೋಡಿಯಂ ದೀಪಗಳಲ್ಲಿ ಈ ತಗ್ಗಿಸುವ ಆಟ ಇಷ್ಟು ಸುಲಭವಾಗಿ ನಡೆಯುತ್ತಿರಲಿಲ್ಲ. ಕರೆಂಟ್ ಹೋಗಿ ಬಂದರೆ ಅವು ಕೆಲವು ನಿಮಿಷ ಮುಖ ಊದಿಸಿಕೊಂಡು ನಿಂತು, ಆಮೇಲೆ ನಸುಗೆಂಪಾಗಿ, ಮತ್ತೆ ನಿಧಾನವಾಗಿ ಬೆಳಗುತ್ತಿದ್ದುದು ಬೆಂಗಳೂರಿನಲ್ಲಿದ್ದವರಿಗೆಲ್ಲ ನೆನಪಿರಬಹುದು. ಎಲ್‌ಇಡಿ ಹಾಗಲ್ಲ, ಹೇಳಿದ ಕ್ಷಣ ಏರುತ್ತದೆ, ಇಳಿಯುತ್ತದೆ. ಭಾರತದಲ್ಲಿ 2015ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಬೀದಿ ದೀಪ ಯೋಜನೆಯಲ್ಲಿ ಒಂದು ಕೋಟಿಗೂ ಹೆಚ್ಚು ದೀಪಗಳು ಬದಲಾದವು. ಅಬುಧಾಬಿಯಲ್ಲಿ ಇನ್ವೆಸ್ಟ್‌ಮೆಂಟ್ ಆಫೀಸ್ ಮತ್ತು ಪುರಸಭೆ-ಸಾರಿಗೆ ಇಲಾಖೆ ಸೇರಿ 2020ರಲ್ಲಿ ಖಾಸಗಿಯವರಿಗೆ 12 ವರ್ಷದ ಗುತ್ತಿಗೆ ಕೊಟ್ಟು ಸುಮಾರು 43,000 ದೀಪ ಬದಲಿಸುವ ಕೆಲಸ ಹಿಡಿದವು. ವಿದ್ಯುತ್ ಬಳಕೆ ಶೇ. 76ರಷ್ಟು ಇಳಿಸುವುದು ಗುರಿ. ಎರಡನೇ ಹಂತದಲ್ಲಿ 1,30,000ಕ್ಕೂ ಹೆಚ್ಚು ದೀಪಗಳು. ದುಬೈಯಲ್ಲಿ ಆರ್‌ಟಿಎ ಕೂಡ ಹಂತ ಹಂತವಾಗಿ ಎಲ್‌ಇಡಿಗೆ ಬರುತ್ತಿದೆ.

ಇನ್ನು ಲೆಕ್ಕ. ನಾನು ಲೆಕ್ಕದಲ್ಲಿ ಅಷ್ಟಕ್ಕಷ್ಟೆ, ಆದರೂ ಕೈಬೆರಳಿನಲ್ಲಿ ಎಣಿಸುವಷ್ಟು ಸುಲಭದ್ದು ಇದು. ಈ ಊರಿನಲ್ಲಿ ಬೀದಿ ದೀಪ ವರ್ಷಕ್ಕೆ ಸುಮಾರು 4,100 ಗಂಟೆ ಉರಿಯುತ್ತದೆ ಎಂದುಕೊಳ್ಳಿ. 250 ವ್ಯಾಟ್‌ನ ಸೋಡಿಯಂ ದೀಪ ಚೋಕ್ ಸೇರಿ 280 ವ್ಯಾಟ್ ನುಂಗಿದರೆ ವರ್ಷಕ್ಕೆ ಸುಮಾರು 1,150 ಯೂನಿಟ್. ಅದರ ಜಾಗದಲ್ಲಿ 110 ವ್ಯಾಟ್‌ನ ಎಲ್‌ಇಡಿ ಹಾಕಿದರೆ 450. ಮಧ್ಯರಾತ್ರಿ 12ರಿಂದ ಬೆಳಿಗ್ಗೆ 5ರ ತನಕ ಅದನ್ನೂ ಅರ್ಧಕ್ಕೆ ತಗ್ಗಿಸಿದರೆ 350. ನೋಡಿ, ದೀಪ ಬದಲಿಸಿದ್ದರಿಂದ 700 ಯೂನಿಟ್ ಉಳಿಯಿತು, ತಗ್ಗಿಸಿದ್ದರಿಂದ 100 ಮಾತ್ರ. ಅದರಲ್ಲೂ ಪ್ರತಿ ಕಂಬದ ತಲೆಯ ಮೇಲೆ ಕೂರುವ ನಿಯಂತ್ರಕ ಪೆಟ್ಟಿಗೆ ಹಗಲೂ ರಾತ್ರಿ ಒಂದೂವರೆ ವ್ಯಾಟ್ ತಿಂದರೆ ವರ್ಷಕ್ಕೆ 13 ಯೂನಿಟ್ ಅದರ ಹೊಟ್ಟೆಗೇ ಹೋಗುತ್ತದೆ. ಉಳಿದದ್ದು 87. ಮಾರಾಟ ಮಾಡುವವರು ಈ ಕೊನೆಯ ಕಳೆಯುವ ಲೆಕ್ಕವನ್ನು ಹೇಳುವುದು ಕಡಿಮೆ.

ಎಂಬತ್ತೇಳು ಯೂನಿಟ್ ಎಂದರೆ ನಮ್ಮ ಮನೆಯ ಏಸಿಗೆ ಬೇಸಿಗೆಯಲ್ಲಿ ಕೆಲವೇ ದಿನಗಳ ತಿಂಡಿ. ಆದರೆ ಇಂಥ 43,000 ಕಂಬಗಳಿಗೆ ಗುಣಿಸಿದರೆ ವರ್ಷಕ್ಕೆ 37 ಲಕ್ಷ ಯೂನಿಟ್. ಅದಲ್ಲದೆ ಇದು ರಾತ್ರಿಯ ವಿದ್ಯುತ್ತು. ಸ್ವೈಹಾನ್‌ನ ನೂರ್ ಅಬುಧಾಬಿಯಂಥ ಸೌರ ಸ್ಥಾವರಗಳು ರಾತ್ರಿ ಮಲಗಿರುತ್ತವೆ. ಬರಾಕಾದ ನಾಲ್ಕು ಅಣು ರಿಯಾಕ್ಟರುಗಳು ದೇಶದ ವಿದ್ಯುತ್ತಿನ ಸುಮಾರು ಕಾಲು ಭಾಗ ಕೊಡುತ್ತವೆ. ಉಳಿದದ್ದಕ್ಕೆ ರಾತ್ರಿ ಮುಖ್ಯವಾಗಿ ಗ್ಯಾಸ್ ಸುಡಬೇಕು. ಹಗಲು ಉಳಿಸಿದ ಯೂನಿಟ್‌ಗಿಂತ ನಡುರಾತ್ರಿ ಉಳಿಸಿದ ಯೂನಿಟ್‌ಗೆ ಹೊಗೆಯ ಲೆಕ್ಕದಲ್ಲಿ ಬೆಲೆ ಹೆಚ್ಚು.

ತಗ್ಗಿಸಿದರೆ ಅಪಘಾತ, ಕಳ್ಳತನ ಹೆಚ್ಚಾಗುವುದಿಲ್ಲವೇ? ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯ ಆಡಳಿತಗಳ ಅಂಕಿಅಂಶ ನೋಡಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ದೀಪ ತಗ್ಗಿಸಿದ್ದರಿಂದಾಗಲಿ ರಾತ್ರಿ ಕೆಲಹೊತ್ತು ಆರಿಸಿದ್ದರಿಂದಾಗಲಿ ಅವು ಹೆಚ್ಚಿದವು ಎನ್ನಲು ಪುರಾವೆ ಇಲ್ಲ ಎಂದಿತು. ಸಮಾಧಾನದ ಸುದ್ದಿ. ಆದರೆ ಆ ಗುಳಿಗೆಯನ್ನು ಹಾಗೆಯೇ ತಂದು ಇಲ್ಲಿನ ರೋಗಿಗೆ ಕೊಡಲು ನನಗೆ ಮನಸ್ಸಿಲ್ಲ. ಅಲ್ಲಿನ ಹಳ್ಳಿ ರಸ್ತೆಗೂ ಇಲ್ಲಿ ಗಂಟೆಗೆ 120, 140 ಕಿ.ಮೀ.ನಲ್ಲಿ ಓಡುವ ಹೆದ್ದಾರಿಗೂ ಅಜಗಜಾಂತರ. ಇನ್ನು ಚಳಿಗಾಲದ ಮಂಜು. 2008ರ ಮಾರ್ಚ್‌ನಲ್ಲಿ ಅಬುಧಾಬಿ-ದುಬೈ ರಸ್ತೆಯ ಘಂತೂತ್ ಬಳಿ ಮಂಜಿನಲ್ಲಿ ನಡೆದ ಸರಣಿ ಅಪಘಾತ ಹಳಬರು ಮರೆತಿರಲಾರರು. ಮಂಜಿನಲ್ಲಿ ದೀಪ ಹೆಚ್ಚಿಸಿದರೆ ಬಿಳಿ ಗೋಡೆ ಎದುರು ಬಂದಂತಾಗುತ್ತದೆಯೇ ಹೊರತು ದಾರಿ ಕಾಣುವುದಿಲ್ಲ. ಅಲ್ಲಿ ಬೇಕಾದದ್ದು ವೇಗ ಇಳಿಸುವ ಸೂಚನೆ. ಅಬುಧಾಬಿ ಪೊಲೀಸರು ಮಂಜು ಬಿದ್ದಾಗ ವೇಗಮಿತಿಯನ್ನು 80ಕ್ಕೆ ಇಳಿಸುತ್ತಾರೆ, ಅದು ಸರಿಯಾದ ಚಿಕಿತ್ಸೆ.

ಗಡಿಯಾರ ನೋಡಿ ತಗ್ಗಿಸುವ ಪದ್ಧತಿಯೂ ಯುರೋಪಿನಿಂದ ಬಂದದ್ದು. ಅಲ್ಲಿ ಮಧ್ಯರಾತ್ರಿ ಎಂದರೆ ಊರು ಮಲಗಿತು ಎಂದೇ ಅರ್ಥ. ಇಲ್ಲಿ ರಂಜಾನ್ ತಿಂಗಳಲ್ಲಿ ಮಧ್ಯರಾತ್ರಿಗೇ ಊರು ಎದ್ದು ಕೂರುತ್ತದೆ. ಸುಹೂರ್ ಊಟಕ್ಕೆ ಎರಡು ಗಂಟೆಗೆ ರಸ್ತೆಯಲ್ಲಿ ಟ್ರಾಫಿಕ್ ಜಾಮ್! ಆ ತಿಂಗಳು ಒಂದೇ ಕಡೆ ನಿಲ್ಲುವುದೂ ಇಲ್ಲ. 2024ರಲ್ಲಿ ಮಾರ್ಚ್ 11ಕ್ಕೆ ಶುರುವಾದದ್ದು 2025ರಲ್ಲಿ ಮಾರ್ಚ್ 1ಕ್ಕೇ ಬಂತು. ವಾರದ ರಜೆ 2022ರ ಜನವರಿಯಲ್ಲಿ ಶುಕ್ರವಾರ-ಶನಿವಾರದಿಂದ ಶನಿವಾರ-ಭಾನುವಾರಕ್ಕೆ ಬದಲಾಯಿತು. ಹಾಗಾಗಿ ಇಲ್ಲಿನ ದೀಪ ಗಡಿಯಾರವನ್ನಲ್ಲ, ರಸ್ತೆಯನ್ನು ನೋಡಿ ತೀರ್ಮಾನಿಸಬೇಕು. ಜೊತೆಗೆ ನಮ್ಮ ಮರಳುಗಾಳಿ. ಗಾಜಿನ ಮೇಲೆ ದೂಳು ಕೂತರೆ ವಿದ್ಯುತ್ ಖರ್ಚಾಗುತ್ತಲೇ ಇರುತ್ತದೆ, ಬೆಳಕು ಮಾತ್ರ ಒಳಗೇ ಉಳಿಯುತ್ತದೆ. ಮುಂದೆ ದೂಳು ಕೂರುತ್ತದೆ, ದೀಪ ಮುದಿಯಾಗುತ್ತದೆ ಎಂದು ಎಂಜಿನಿಯರರು ಮೊದಲೇ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಬೆಳಕು ಇಟ್ಟಿರುತ್ತಾರೆ. ಹೊಸತರಲ್ಲಿ ಆ ಹೆಚ್ಚಳವನ್ನು ತಗ್ಗಿಸಿಟ್ಟು, ವರ್ಷ ಕಳೆದ ಹಾಗೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುವ ವ್ಯವಸ್ಥೆ ಈಗ ಇದೆ. ನನ್ನನ್ನು ಕೇಳಿದರೆ ಏಣಿ ಮತ್ತು ಒದ್ದೆ ಬಟ್ಟೆಯೂ ಒಂದು ಸ್ಮಾರ್ಟ್ ತಂತ್ರಜ್ಞಾನವೇ.

ನಿದ್ರೆಯ ವಿಷಯ ಹೇಳದಿದ್ದರೆ ನಾನು ಡಾಕ್ಟರಾಗಿ ಏನು ಪ್ರಯೋಜನ? ನೋಡುವುದಕ್ಕಲ್ಲದೆ, ಹಗಲೋ ರಾತ್ರಿಯೋ ಎಂದು ಮೆದುಳಿಗೆ ವರದಿ ಮಾಡುವುದಕ್ಕೆಂದೇ ಕಣ್ಣಿನಲ್ಲಿ ಬೇರೆ ಜೀವಕೋಶಗಳಿವೆ. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವಸ್ತು ಗೊತ್ತಾದದ್ದೇ 1998ರಲ್ಲಿ, ನಾವು ಓದುವಾಗ ಪುಸ್ತಕದಲ್ಲಿ ಇರಲಿಲ್ಲ. ಅವು ನೀಲಿ ಬೆಳಕಿಗೆ ಬೇಗ ಎಚ್ಚರಗೊಳ್ಳುತ್ತವೆ, ಆಗ ನಿದ್ರೆಗೆ ಕರೆಯುವ ಮೆಲಟೋನಿನ್ ಇಳಿಯುತ್ತದೆ. ದೇಹದ ಗಡಿಯಾರದ ಗುಟ್ಟು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಮೊದಲು ಬಂದ ಎಲ್‌ಇಡಿಗಳಲ್ಲಿ ಹಲವು ಕಣ್ಣು ಕುಕ್ಕುವ ನೀಲಿಬಿಳಿ. 2016ರಲ್ಲಿ ಅಮೆರಿಕದ ವೈದ್ಯರ ಸಂಘ, ಬೀದಿ ದೀಪದ ಬಣ್ಣ 3,000 ಕೆಲ್ವಿನ್ ಮೀರದಿರಲಿ, ಮರೆ ಇರಲಿ, ಜನ ಇಲ್ಲದ ಹೊತ್ತಿನಲ್ಲಿ ತಗ್ಗಿಸುವಂತಿರಲಿ ಎಂದು ಸಲಹೆ ಕೊಟ್ಟಿತು. ಮಂದ ಬೆಳಕಿನಲ್ಲಿ ಬಿಳಿ ದೀಪ ಕಿತ್ತಳೆ ದೀಪಕ್ಕಿಂತ ಪಕ್ಕದ ನೋಟಕ್ಕೆ ಚೆನ್ನ ಎಂಬುದೂ ನಿಜ. ಹಾಗಾಗಿ ನಡುದಾರಿ ಹಿಡಿಯುವುದು ಒಳ್ಳೆಯದು. ನಮ್ಮ ಬೀದಿಯಲ್ಲಿ ದೀಪ ಬದಲಾದಾಗ ಪಕ್ಕದ ಮನೆಯವರ ಮಲಗುವ ಕೋಣೆಗೇ ಬೆಳಕು ಬೀಳತೊಡಗಿತು. ದೂರು ಕೊಟ್ಟರು, ಯಾರೋ ಬಂದು ದೀಪಕ್ಕೆ ತಗಡಿನ ಮರೆ ಹಾಕಿ ಹೋದರು. ರಸ್ತೆಯ ಬೆಳಕು ಒಂದಿಷ್ಟೂ ಕಡಿಮೆಯಾಗಲಿಲ್ಲ. (ಆ ಮನೆಯ ಹುಡುಗ ರಾತ್ರಿ ಎರಡರ ತನಕ ಮೊಬೈಲು ನೋಡುತ್ತಾನೆ ಎಂಬುದು ಬೇರೆ ಮಾತು. ಮುಖದ ಮುಂದಿನ ಆ ಪರದೆಗೆ ಯಾವ ಪುರಸಭೆಯೂ ಮರೆ ಹಾಕಲಾರದು.)

ಉಳಿತಾಯವೇ ಕೆಲವೊಮ್ಮೆ ಹೊಸ ಖರ್ಚಿಗೆ ದಾರಿ ಮಾಡುತ್ತದೆ. ದೀಪ ಅಗ್ಗವಾಯಿತಲ್ಲ, ಇನ್ನಷ್ಟು ಹಾಕೋಣ ಎಂದು ಊರುಗಳು ಹೊರಡುತ್ತವೆ. 2012ರಿಂದ 2016ರ ತನಕ ಉಪಗ್ರಹದಿಂದ ನೋಡಿದಾಗ ಭೂಮಿಯ ಮೇಲೆ ದೀಪ ಬೆಳಗಿದ ಪ್ರದೇಶ ವರ್ಷಕ್ಕೆ ಶೇ. 2.2ರಂತೆ ಬೆಳೆದಿತ್ತು. ಮಕ್ಕಳಿಗೆ ಆಕಾಶಗಂಗೆ ತೋರಿಸಬೇಕೆಂದರೆ ನಾವೀಗ ಗಾಡಿ ಹತ್ತಿ ಅಬುಧಾಬಿಯ ಅಲ್ ಕುವಾ ಮರುಭೂಮಿಗೆ ಹೋಗಬೇಕು. ಕುಂದಾಪುರದಲ್ಲಿ ಅಂಗಳಕ್ಕೆ ಇಳಿದರೆ ಸಾಕಿತ್ತು.

ಈ ಎಲ್ಲದರಲ್ಲಿ ನನ್ನನ್ನು ಕಾಡುವುದು ಒಂದೇ ವಿಷಯ. ರಸ್ತೆಯಲ್ಲಿ ಯಾರೂ ಇಲ್ಲ ಎಂದು ತೀರ್ಮಾನಿಸುವವರು ಯಾರು? ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಒಳ್ಳೆಯ ಕಾನೂನು ಇಲ್ಲಿದೆ. ಅದಕ್ಕಾಗಿ ಎಷ್ಟೋ ಕಡೆ ಕೆಲಸ ಬೆಳಕು ಹರಿಯುವ ಮೊದಲೇ ಶುರು. ಮುಹೈಸ್ನಾ, ಅಲ್ ಕೂಜ್, ಮುಸಫ್ಫಾ ಕಡೆ ಬೆಳಿಗ್ಗೆ ನಾಲ್ಕಕ್ಕೆ ಹೋಗಿ ನೋಡಿ. ಬುತ್ತಿ ಹಿಡಿದು ಸಾಲು ಸಾಲಾಗಿ ಜನ ಬಸ್ಸಿಗೆ ನಡೆಯುತ್ತಿರುತ್ತಾರೆ, ಕೆಲವರು ಸೈಕಲ್ ಮೇಲೆ. ಅವರಲ್ಲಿ ರಾಯಚೂರು, ಭಟ್ಕಳ, ಮಂಗಳೂರು ಕಡೆಯವರೂ ಸಿಗುತ್ತಾರೆ. ಫಜ್ರ್ ನಮಾಜಿಗೆ ಹೊರಟ ಹಿರಿಯರಿರುತ್ತಾರೆ, ರಾತ್ರಿ ಪಾಳಿ ಮುಗಿಸಿದ ನರ್ಸುಗಳಿರುತ್ತಾರೆ. ಕಾರು ಎಣಿಸುವ ಸೆನ್ಸರಿಗೆ ಇವರು ಯಾರೂ ಲೆಕ್ಕಕ್ಕಿಲ್ಲ. ಅದರ ಪಾಲಿಗೆ ರಸ್ತೆ ಖಾಲಿ. ತುರ್ತು ಚಿಕಿತ್ಸಾ ವಿಭಾಗಕ್ಕೆ ಮುಂಜಾವಿನಲ್ಲಿ ಬರುವ, ಗಾಡಿ ತಾಗಿದ ಪಾದಚಾರಿಯನ್ನು ನೋಡಿದ ವೈದ್ಯರಿಗೆ ಚಾಲಕ ಹೇಳುವ ಮಾತು ಬಾಯಿಪಾಠವಾಗಿರುತ್ತದೆ: "ಕಾಣಲೇ ಇಲ್ಲ ಸರ್."

ನಡೆದು ಹೋಗುವವರ ಮೈ ಬಿಸಿಯನ್ನು ಗುರುತಿಸುವ ಸೆನ್ಸರುಗಳಿವೆ, ಕ್ಯಾಮರಾ ಇದೆ, ರಾಡಾರ್ ಇದೆ. ದೀಪ ತಗ್ಗಿಸುವ ಗುತ್ತಿಗೆಯಲ್ಲಿ ಇವನ್ನೂ ಸೇರಿಸಿ, ಮನುಷ್ಯ ರಸ್ತೆ ದಾಟುವ ಜಾಗದಲ್ಲಿ ಅವನು ಕಾಲಿಡುವ ಮೊದಲೇ ಸುತ್ತಲ ದೀಪಗಳು ಪೂರ್ತಿ ಏರುವಂತೆ ಮಾಡಬಹುದು. ಹತ್ತು ಕಂಬಗಳು ಎರಡು ನಿಮಿಷ ಅರ್ಧದ ಬದಲು ಪೂರ್ತಿ ಉರಿದರೆ ಹೆಚ್ಚುವರಿಯಾಗಿ ಖರ್ಚಾಗುವುದು ಒಂದು ಯೂನಿಟ್‌ನ ಐವತ್ತನೇ ಒಂದು ಪಾಲಿಗಿಂತಲೂ ಕಡಿಮೆ.